ಬಿಡುಗುದುರೆಯ ಕೈ

ನಾನು ಸೊಸೆಯಾಗಿ ಆ ಮನೆಗೆ ಕಾಲಿಟ್ಟ ದಿನ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು. "ಎಲ್ಲಿ ಹಾಳಾಗಿ ಹೋದ್ಲು ಆ ಬಿಡುಗುದುರೆ? ಅತ್ತಿಗೆ ಮನೆಗೆ ಬಂದು ಕೂತಿದ್ದಾಳೆ, ಇವಳಿಗೆ ಇನ್ನೂ ಬೀದಿ ಮುಗಿದಿಲ್ಲ!" ಸ್ವಲ್ಪ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಎರಡು ಕೈ ಕಾಣಿಸಿದವು, ಆಮೇಲೆ ಒಂದು ಕೆದರಿದ ತಲೆ, ಆಮೇಲೆ ದೊಪ್ಪನೆ ಇಡೀ ಹುಡುಗಿಯೇ ಒಳಗೆ ಬಿದ್ದಳು. ಮೊಣಕಾಲು ತರಚಿತ್ತು. ಬಾಯಲ್ಲಿ ಯಾರ ಮನೆಯದೋ ತಿಂಡಿ ಇನ್ನೂ ಇತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅತ್ತಿಗೆ, ನಿಮಗೆ ಗೋಡೆ ಹತ್ತಕ್ಕೆ ಬರುತ್ತಾ?" ಎಂದು ಕೇಳಿದಳು. ಬರುವುದಿಲ್ಲ ಎಂದೆ. "ಪರವಾಗಿಲ್ಲ, ಕಲಿಸ್ತೀನಿ" ಎಂದಳು.

ಅವಳೇ ನನ್ನ ನಾದಿನಿ. ಮನೆಯಲ್ಲಿಟ್ಟ ಹೆಸರೊಂದು ಅವಳಿಗಿತ್ತು, ಆದರೆ ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಬಿಡುಗುದುರೆ ಎನ್ನುವ ಮಾತು ನಮ್ಮ ಊರಿಗೆ ಬಂದದ್ದು ಕುದುರೆ ಗಾಡಿಗಳ ಕಾಲದಲ್ಲಿ. ನನ್ನ ಮಾವನವರು ಗಾಡಿ ಹೊಡೆಯುತ್ತಿದ್ದವರು. ಮೋಟಾರು ಬಂದು ಬಾಡಿಗೆ ನಿಂತುಹೋದಾಗ ಊರಿನ ಗಾಡಿಯವರೆಲ್ಲ ಕುದುರೆಗಳನ್ನು ಹೊಳೆಯಾಚೆಯ ಬಯಲಿಗೆ ಅಟ್ಟಿದರು. ಮಾರಲು ಹೋದರೆ ಕೊಳ್ಳುವವರಿಲ್ಲ, ಕಟ್ಟಿ ಸಾಕಲು ಮೇವಿಲ್ಲ. ಅಲ್ಲಿ ಅವು ಮರಿ ಹಾಕಿದವು. ಆ ಮರಿಗಳು ಲಗಾಮು ಕಂಡವಲ್ಲ, ಜೀನು ಕಂಡವಲ್ಲ. ಊರಿನವರು ಅವನ್ನು ಬಿಡುಗುದುರೆ ಎಂದರು. ಬೇಸಿಗೆಯ ಸಂಜೆ ಹೊಳೆಯ ದಂಡೆಗೆ ಹೋದರೆ ಆಚೆ ದಡದಲ್ಲಿ ಅವು ಕಾಣುತ್ತಿದ್ದವು. ಮಾವನವರು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ತಮ್ಮ ಕುದುರೆಯನ್ನು ಹುಡುಕುತ್ತಿದ್ದರು. "ನನ್ನ ಗಾಡೀಲಿ ಇದ್ದಾಗ ಅದಕ್ಕೆ ಒಂದೇ ದಾರಿ ಗೊತ್ತಿತ್ತಮ್ಮ, ಸ್ಟೇಷನ್ನಿಂದ ಮಾರ್ಕೆಟ್ಟಿಗೆ. ಈಗ ನೋಡು, ಹೊಳೆ ಎಲ್ಲಿ ಆಳ, ಎಲ್ಲಿ ಮೊಣಕಾಲುದ್ದ, ಎಲ್ಲಾ ಅದಕ್ಕೇ ಗೊತ್ತು" ಎನ್ನುತ್ತಿದ್ದರು. ಅತ್ತೆ ಮಗಳನ್ನು ಬೈದಾಗಲೆಲ್ಲ ಅವರು ಬಾಯಿಮುಚ್ಚಿ ನಗುತ್ತಿದ್ದದ್ದನ್ನೂ ನಾನು ನೋಡಿದ್ದೇನೆ.

ಕುದುರೆಗಳು ಹೊಳೆಯಾಚೆಯೇ ಉಳಿದವು, ಮಾತು ಮಾತ್ರ ಈಚೆಗೆ ಈಜಿ ಬಂತು. ಹಿಡಿತ ಸಿಗದೆ ಸುಮ್ಮನೆ ತಿರುಗುವ ತಿರುಪನ್ನು ಬಡಗಿ ಬಿಡುಗುದುರೆ ಎಂದ. ಇಸ್ಪೀಟು ಆಡುವವರು ಜೋಕರಿಗೆ ಹಾಗೆ ಹೇಳಿದರು. ದರ್ಜಿಯ ಡಬ್ಬಿಯಲ್ಲಿ ಯಾವ ಅಂಗಿಗೂ ಜೊತೆಯಾಗದೆ ಉಳಿದ ಗುಂಡಿಯೂ ಬಿಡುಗುದುರೆಯೇ. ನಮ್ಮ ಅತ್ತೆಯಂತೂ ವಯಸ್ಸಾದ ಮೇಲೆ ತಮ್ಮ ಅಲ್ಲಾಡುವ ಹಲ್ಲಿಗೂ ಅದೇ ಹೆಸರಿಟ್ಟರು. "ಇವತ್ತು ಈ ಬಿಡುಗುದುರೆ ಊಟಕ್ಕೆ ಬಿಡ್ತಿಲ್ಲ ಕಣೇ" ಎಂದು ದವಡೆ ಹಿಡಿದುಕೊಂಡು ಕೂರುತ್ತಿದ್ದರು. ಕಿವಿ ತೆರೆದಿಟ್ಟುಕೊಂಡು ಕೂತರೆ ದಿನಕ್ಕೊಂದು ಹೊಸ ಅರ್ಥ ಸಿಗುತ್ತಿತ್ತು. ಆದರೆ ಹೆಣ್ಣುಮಕ್ಕಳ ಮೇಲೆ ಹಾಕಿದಾಗ ಮಾತ್ರ ಅದಕ್ಕೆ ಒಂದೇ ಅರ್ಥ, ಅದು ಒಳ್ಳೆಯದಲ್ಲ.

ಆ ಅರ್ಥವನ್ನು ನನ್ನ ನಾದಿನಿ ಹೇಗೆ ತಿರುಗಿಸಿಟ್ಟಳು ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದೇ ಹಲಗೆಯ ಮೇಲೆ ಕೂತು ಕಂಡಿದ್ದೇನೆ.

ನಾನು ರತ್ನಗಂಬಳಿ ನೇಯುವ ಶೆಡ್ಡಿಗೆ ಹೋಗುತ್ತಿದ್ದೆ. ತಗಡಿನ ಮಾಡು, ಉದ್ದನೆಯ ಕಿಟಕಿಗಳು, ಉಣ್ಣೆಯ ಧೂಳು. ನಮ್ಮವರು ಅದೇ ಶೆಡ್ಡಿನ ಹಿಂದೆ ಬಣ್ಣದ ಹಂಡೆಗಳ ಹತ್ತಿರ ಕೆಲಸ ಮಾಡುತ್ತಿದ್ದರು. ನಾದಿನಿಗೆ ಶಾಲೆ ಹತ್ತಲಿಲ್ಲ. ಅವಳನ್ನೂ ಕರೆದುಕೊಂಡು ಹೋಗು, ಒಂದು ಕಡೆ ಕೂರುವುದನ್ನಾದರೂ ಕಲಿಯಲಿ ಎಂದು ಅತ್ತೆ ನನ್ನ ಜೊತೆ ಕಳಿಸಿದರು.

ನಮ್ಮ ಕೆಲಸ ಹೀಗೆ. ಗೋಡೆಯಷ್ಟು ಎತ್ತರದ ಮಗ್ಗ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಒಂದು ಹಲಗೆ. ಹಲಗೆಯ ಮೇಲೆ ಐದು ಜನ ಹೆಂಗಸರು ಭುಜಕ್ಕೆ ಭುಜ ತಾಗಿಸಿ ಕೂರುತ್ತೇವೆ. ಹಿಂದೆ ಕುರ್ಚಿ ಹಾಕಿಕೊಂಡು ಒಬ್ಬ ಅಜ್ಜ ನಕ್ಷೆ ನೋಡಿ ಬಣ್ಣಗಳನ್ನು ರಾಗವಾಗಿ ಕೂಗುತ್ತಾನೆ. ನಾವು ಅವನನ್ನು ಕೂಗಜ್ಜ ಎನ್ನುತ್ತಿದ್ದೆವು. ಅವನು ಕೂಗಿದ ಬಣ್ಣದ ಉಣ್ಣೆಯನ್ನು ಹಾಸಿನ ಎಳೆಗಳಿಗೆ ಗಂಟು ಹಾಕಿ, ತುದಿ ಕತ್ತರಿಸಿ ಮುಂದಕ್ಕೆ ಹೋಗುವುದು. ಒಂದು ಸಾಲು ಮುಗಿದರೆ ಈ ಕೊನೆಯಿಂದ ಆ ಕೊನೆಗೆ ಹೊಕ್ಕಿನ ನೂಲು ಹಾಯಿಸಿ, ಕಬ್ಬಿಣದ ಹಣಿಗೆಯಿಂದ ಕುಟ್ಟಿ ಕೂರಿಸುವುದು. ಕೇಳಲು ಸುಲಭ. ಆದರೆ ಒಬ್ಬಳ ಗಂಟು ಬಿಗಿ, ಒಬ್ಬಳದು ಸಡಿಲ, ಒಬ್ಬಳದು ಎಡಕ್ಕೆ ವಾಲುತ್ತದೆ. ಅದಕ್ಕೆ ನಾವು 'ಕೈ' ಎನ್ನುತ್ತೇವೆ. ಒಂದು ಜಾಗದಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಕೈ ಇರಬೇಕು. ನಡುವೆ ಬೇರೆ ಕೈ ಬಂದರೆ ಅಲ್ಲೊಂದು ಪಟ್ಟಿ ಬೀಳುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಆ ಪಟ್ಟಿ ಹೊಸ ಗೋಡೆಯ ಬಿರುಕಿನ ಹಾಗೆ ಕಣ್ಣಿಗೆ ಹೊಡೆಯುತ್ತದೆ.

ಹೆಂಗಸರೆಂದ ಮೇಲೆ ಹೆರಿಗೆ, ಜ್ವರ, ಸಾವು, ಮಕ್ಕಳ ಕಾಯಿಲೆ ಇದ್ದದ್ದೇ. ಯಾರಾದರೂ ಬರದಿದ್ದರೆ ಅವರ ಜಾಗದಲ್ಲಿ ಕೂರಲು ಸ್ವಂತ ಜಾಗವಿಲ್ಲದ ಒಬ್ಬಳನ್ನು ಇಟ್ಟಿರುತ್ತಿದ್ದರು. ಅವಳಿಗೆ ಶೆಡ್ಡಿನಲ್ಲಿ ಬಿಡುಗುದುರೆ ಎಂದು ಹೆಸರು. ಕಲಿಯಲಾರದವರನ್ನು, ಸೋಮಾರಿಗಳನ್ನು ಆ ಕೆಲಸಕ್ಕೆ ತಳ್ಳುತ್ತಿದ್ದರು. ಅವರು ಕೂತಲ್ಲೆಲ್ಲ ಪಟ್ಟಿ ಬೀಳುತ್ತಿತ್ತು, ಬೈಗುಳವೂ ಬೀಳುತ್ತಿತ್ತು.

ನನ್ನ ನಾದಿನಿ ಶೆಡ್ಡಿಗೆ ಬಂದ ಮೊದಲ ವಾರವೇ ಮೇಸ್ತ್ರಿ ತಲೆ ಚಚ್ಚಿಕೊಂಡರು. "ಏನಮ್ಮಾ, ನಿನ್ನ ನಾದಿನಿ ಒಂದು ಕಡೆ ಕೂರಲ್ವಲ್ಲ! ಈ ಮಗ್ಗದ ಹಿಂದೆ ನೋಡಿದ್ರೆ ಇರ್ತಾಳೆ, ಆ ಮಗ್ಗದ ಕೆಳಗೆ ನೋಡಿದ್ರೆ ಇರ್ತಾಳೆ."

"ಮನೇಲೂ ಹಾಗೇ ಮೇಸ್ತ್ರಿ."

"ಹಾಗಾದ್ರೆ ಬಿಡುಗುದುರೆ ಕೆಲಸಕ್ಕೇ ಹಾಕ್ತೀನಿ. ಆಗ ಬುದ್ಧಿ ಬರುತ್ತೆ."

ನನಗೆ ಮುಖ ಎಲ್ಲಿಡುವುದು ತಿಳಿಯಲಿಲ್ಲ. ಅವಳು ಮಾತ್ರ ಕುಣಿದುಕೊಂಡೇ ಬಂದಳು. "ಅತ್ತಿಗೆ, ದಿನಾ ಒಂದೊಂದು ಜಾಗವಂತೆ!"

ಮೊದಮೊದಲು ಅವಳೂ ಪಟ್ಟಿ ಬೀಳಿಸಿದಳು, ಬೈಸಿಕೊಂಡಳು. ಆದರೆ ಅವಳು ಮಗ್ಗದ ಹಿಂದೆ ಮುಂದೆ ಸುತ್ತುತ್ತಿದ್ದದ್ದು ಸುಮ್ಮನೆ ಅಲ್ಲವೆಂದು ನಿಧಾನವಾಗಿ ತಿಳಿಯಿತು. ಊಟದ ಹೊತ್ತಿನಲ್ಲಿ ನಾವೆಲ್ಲ ಕಾಲು ಚಾಚಿ ಕೂತಾಗ ಅವಳು ಮಗ್ಗದ ಹಿಂದೆ ಹೋಗಿ, ನೇಯ್ದದ್ದರ ಬೆನ್ನಿನ ಮೇಲೆ ಅಂಗೈ ಆಡಿಸುತ್ತಿದ್ದಳು, ದನದ ಮೈ ಸವರುವ ಹಾಗೆ. ಒಂದು ಸಂಜೆ ಮನೆಗೆ ನಡೆಯುತ್ತಾ ಹೇಳಿದಳು: "ಗಂಟು ಬರೀ ಬೆರಳಿಂದ ಬರಲ್ಲ ಅತ್ತಿಗೆ, ಉಸಿರಿಂದ ಬರುತ್ತೆ. ನೀವು ಉಸಿರು ಹಿಡಿದು ಎಳೀತೀರಿ. ಗುಬ್ಬಿ ಉಸಿರು ಬಿಡ್ತಾ ಎಳೀತಾಳೆ. ಅದಕ್ಕೇ ನಿಮ್ಮದು ಬಿಗಿ, ಅವಳದು ಸಡಿಲ."

ಗುಬ್ಬಿ ನಮ್ಮ ಹಲಗೆಯ ಕೊನೆಯಲ್ಲಿ ಕೂರುತ್ತಿದ್ದ ಪುಟ್ಟ ಆಕಾರದ ಹೆಂಗಸು, ಬಾಯಿ ಮಾತ್ರ ದೊಡ್ಡದು. ಅವಳು ಬಾಣಂತನಕ್ಕೆ ಹೋದಾಗ ನಾದಿನಿ ಆ ಜಾಗದಲ್ಲಿ ಕೂತಳು. ಕೂತವಳು ಗುಬ್ಬಿಯ ಹಾಗೇ ಗುನುಗಿದಳು, ಗುಬ್ಬಿಯ ಹಾಗೇ ಆಗಾಗ ಕಿವಿ ಕೆರೆದುಕೊಂಡಳು, ಗುಬ್ಬಿಯ ಹಾಗೇ ಕೂಗಜ್ಜನನ್ನು ಬೈದಳು. "ಅಜ್ಜ, ಕೆಂಪು ಅಂತ ಕೂಗಿದ್ಯೋ ಕೆಮ್ಮಿದ್ಯೋ?" ಅಜ್ಜ ಬೆಚ್ಚಿ ಕನ್ನಡಕ ಸರಿಮಾಡಿಕೊಂಡ. "ಗುಬ್ಬಿ ಯಾವಾಗ ಬಂದ್ಲು?" ಆ ರತ್ನಗಂಬಳಿಯಲ್ಲಿ ಪಟ್ಟಿ ಬೀಳಲಿಲ್ಲ.

ನನ್ನ ಜಾಗದಲ್ಲಿ ಕೂತಾಗ ಕತ್ತು ಓರೆ ಮಾಡಿ, ಮಾತುಮಾತಿಗೆ 'ಅಯ್ಯೋ ಸೊಂಟವೇ' ಎನ್ನುತ್ತಿದ್ದಳಂತೆ. ನಾನು ಹಾಗೆ ಹೇಳುತ್ತೇನೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅವಳಿಗೆ ಗಂಡು ನೋಡುವಾಗ ಈ ಹೆಸರು ಅಡ್ಡ ಬಂತು. ಹುಡುಗನ ಸೋದರತ್ತೆ ಮುಖ ಸಿಂಡರಿಸಿ, "ಊರೆಲ್ಲಾ ಬಿಡುಗುದುರೆ ಅಂತಾರಲ್ಲ, ಯಾಕೆ?" ಎಂದು ಎಲ್ಲರೆದುರು ಕೇಳಿಬಿಟ್ಟರು. ನಮ್ಮ ಅತ್ತೆ ತಿಂಡಿಯ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದರು. ಹುಡುಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಲ್ಲಿಯವರೆಗೆ ತಲೆ ಎತ್ತದೆ ಕೂತಿದ್ದವನು ಆಗ ಸೋದರತ್ತೆಯ ಕಡೆ ತಿರುಗಿದ. "ಅತ್ತೆ, ನಮ್ಮ ಡಿಪೋದಲ್ಲೂ ಒಂದು ಬಿಡುಗುದುರೆ ಇದೆ. ಯಾವ ಬಸ್ಸು ಕೆಟ್ಟರೂ ಆ ರೂಟಿಗೆ ಅದನ್ನೇ ಕಳಿಸೋದು. ಗಟ್ಟಿ ಎಂಜಿನ್ ಇರೋ ಬಸ್ಸನ್ನೇ ಅದಕ್ಕೆ ಇಡ್ತಾರೆ." ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುತ್ತಿದ್ದ ನಾದಿನಿ ನನ್ನ ತೋಳು ಚಿವುಟಿ, "ಇವನೇ ಇರಲಿ ಅತ್ತಿಗೆ" ಎಂದಳು. ಮದುವೆಯಾಗಿ ಎರಡು ಬೀದಿ ಆಚೆಯ ಮನೆಗೆ ಹೋದಳು. ಶೆಡ್ಡು ಬಿಡಲಿಲ್ಲ.

ಮಕ್ಕಳಾದವು, ಮಗ್ಗಗಳು ಹೆಚ್ಚಿದವು. ಯಾವ ಮಗ್ಗದಲ್ಲಿ ಯಾರು ಎದ್ದರೂ ಅವಳು ಕೂರುತ್ತಿದ್ದಳು. ಆದರೂ ಶೆಡ್ಡಿನ ಲೆಕ್ಕದಲ್ಲಿ ಬಿಡುಗುದುರೆ ಅಂದರೆ ಕೊನೆಯವಳೇ. ಜಾಗವಿದ್ದವರಿಗೆ ಮರ್ಯಾದೆ, ಅವಳಿಗೆ ಹಲಗೆಯ ತುದಿ. ಅದರಲ್ಲೂ ಹಿರಿಯಕ್ಕ ಅವಳನ್ನು ಕಂಡರೆ ಮೂಗು ಮುರಿಯುತ್ತಿದ್ದರು.

ಹಿರಿಯಕ್ಕ ನಮ್ಮ ಹಲಗೆಯ ನಡುವಿನ ಜಾಗದವರು. ರತ್ನಗಂಬಳಿಯ ನಡುವಿನ ದೊಡ್ಡ ಹೂವು ಅವರ ಕೈಯದೇ. ಅವರ ಗಂಟು ಒಂದಕ್ಕೊಂದು ಹಲ್ಲಿನ ಸಾಲಿನ ಹಾಗೆ ಕೂರುತ್ತಿತ್ತು. ತಮ್ಮ ಜಾಗದಲ್ಲಿ ಇನ್ನೊಬ್ಬರನ್ನು ಅವರು ಕೂರಿಸಿದವರೇ ಅಲ್ಲ. ಜ್ವರ ಬಂದರೆ ಜ್ವರದಲ್ಲೇ ಬರುತ್ತಿದ್ದರು. "ಬಿಡುಗುದುರೆ ಎಲ್ಲೇ ಕೂತಿರಲಿ, ಕಣ್ಣು ಮುಚ್ಚಿ ಅಂಗೈ ಇಟ್ಟು ತೋರಿಸ್ತೀನಿ" ಎನ್ನುವುದು ಅವರ ಜಂಬ. ನಾದಿನಿ ಅವರ ಕೈಯನ್ನು ಹುಡುಗಿಯಾಗಿದ್ದಾಗಿಂದ ನೋಡಿದವಳು. ಅವರ ಹಳೆಯ ರತ್ನಗಂಬಳಿಗಳ ಬೆನ್ನು ಸವರಿ ಸವರಿ ಬಾಯಿಪಾಠ ಮಾಡಿದವಳು. ಆದರೆ ಆ ಜಾಗದ ಹತ್ತಿರ ಹೋಗಲು ಹೆದರುತ್ತಿದ್ದಳು.

ಆಗ ಒಂದು ದೊಡ್ಡ ಸಭಾಭವನಕ್ಕೆಂದು ನಮ್ಮ ಮಗ್ಗಕ್ಕೆ ಕೆಲಸ ಬಂತು. ಅಷ್ಟು ಅಗಲದ್ದನ್ನು ನಾವು ಯಾರೂ ನೇಯ್ದಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ನೇಯ್ದಾಗಿತ್ತು. ಒಂದು ಬೆಳಗ್ಗೆ ಹಿರಿಯಕ್ಕ ಹಲಗೆಯ ಮೇಲಿಂದ ಏಳಲು ಹೋಗಿ ಹಾಗೇ ಕುಸಿದರು. ಮನೆಗೆ ಹೊತ್ತುಕೊಂಡು ಹೋದರು. ಎರಡು ತಿಂಗಳಾದರೂ ಮಲಗಿರಬೇಕು ಎಂದರು ಡಾಕ್ಟರು.

ಮೇಸ್ತ್ರಿ ನಾದಿನಿಯನ್ನು ಕರೆದರು. ಅವರ ಮುಖವೇ ಬಾಡಿತ್ತು. "ನೋಡು, ನಡುವಿನ ಜಾಗ. ಹೂವಿನ ಜಾಗ. ಇಲ್ಲಿ ಪಟ್ಟಿ ಬಿದ್ರೆ ಇಡೀ ಶೆಡ್ಡಿನ ಮರ್ಯಾದೆ ಹೋಗುತ್ತೆ. ಆಗ ಈ ಬಿಡುಗುದುರೆ ಅನ್ನೋ ಕೆಲಸವನ್ನೇ ತೆಗೆದುಹಾಕ್ತೀನಿ. ಯಾರು ಬರಲ್ವೋ ಅವರ ಮಗ್ಗ ನಿಲ್ಲಲಿ. ಬೇಡ ಅನ್ನಿಸಿದ್ರೆ ಈಗಲೇ ಹೇಳು. ಮೂಲೆ ಮಗ್ಗದಲ್ಲಿ ಒಂದು ಕಾಯಂ ಜಾಗ ಖಾಲಿ ಇದೆ, ಅಲ್ಲಿ ಕೂತ್ಕೊ."

"ಒಂದೇ ಕೈಲಿ ದಿನಾ ಕೂತ್ರೆ ನಂಗೆ ಉಸಿರು ಕಟ್ಟುತ್ತೆ ಮೇಸ್ತ್ರಿ. ನಡುವೆ ಕೂರ್ತೀನಿ."

ಕೂತಳು. ಹಿರಿಯಕ್ಕನ ಹಾಗೆ ಬೆನ್ನು ನೆಟ್ಟಗೆ, ತುಟಿ ಬಿಗಿದು, ಒಂದು ಮಾತೂ ಆಡದೆ. ಪಕ್ಕದಲ್ಲಿ ಕೂತ ನಾನು ಅರಿವಿಲ್ಲದೆ ಸೆರಗು ಸರಿಮಾಡಿಕೊಂಡೆ. ಗಂಟುಗಳು ಹಲ್ಲಿನ ಸಾಲಿನ ಹಾಗೆ ಏಳುತ್ತಿದ್ದವು.

ಮೊಳದಷ್ಟು ಎದ್ದಿರಬಹುದು. ಒಂದು ಮಧ್ಯಾಹ್ನ ಕಿಟಕಿಯ ಬಿಸಿಲು ಓರೆಯಾಗಿ ಮಗ್ಗದ ಬೆನ್ನಿಗೆ ಬಿತ್ತು. ಮೇಸ್ತ್ರಿ ಹಿಂದೆ ನಿಂತಿದ್ದವರು "ನಿಲ್ಲಿಸಿ" ಎಂದರು. ನಾವೆಲ್ಲ ಎದ್ದು ಹೋದೆವು. ಹೂವಿನ ನಡುವೆ ಅಡ್ಡಲಾಗಿ ಗೆರೆ. ಗೆರೆಯ ಕೆಳಗೆ ಮೆತ್ತಗೆ, ಮೇಲೆ ಬಿಗಿ. ಕುರುಡರಿಗೂ ಕಾಣುವ ಪಟ್ಟಿ.

"ಮುಗೀತು" ಎಂದರು ಮೇಸ್ತ್ರಿ. "ನಿನ್ನ ಕೆಲಸವೂ ಮುಗೀತು, ನಿನ್ನ ಹೆಸರೂ ಮುಗೀತು."

ನಾದಿನಿ ಕಣ್ಣು ಮುಚ್ಚಿ ಅಂಗೈಯನ್ನು ಬೆನ್ನಿನ ಮೇಲಿಟ್ಟು ಕೆಳಗೆ, ಇನ್ನೂ ಕೆಳಗೆ, ನೆಲದ ಹತ್ತಿರ ನೇಯ್ದದ್ದನ್ನು ಸುತ್ತಿಟ್ಟ ದಿಂಡಿನವರೆಗೆ ಹೋದಳು. ಮತ್ತೆ ಮೇಲೆ ಬಂದಳು. ಆಮೇಲೆ, "ಮೇಸ್ತ್ರಿ, ತಪ್ಪು ನಂದೇ. ನಾಳೆವರೆಗೆ ಟೈಮ್ ಕೊಡಿ" ಎಂದಳು.

ಮನೆಯ ದಾರಿಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಅತ್ತಿಗೆ, ಹಿರಿಯಕ್ಕನ ಬೆರಳು ಯಾವಾಗಿಂದ ನೋಯ್ತಿತ್ತು?"

"ಅವರು ಯಾವತ್ತು ಹೇಳ್ಕೊಂಡಿದ್ದಾರೆ? ಯಾಕೆ?"

"ಬುಡದಲ್ಲಿ ಅವರ ಕೈ ಮೊದಲಿನ ಹಾಗೇ ಇದೆ. ಬರ್ತಾ ಬರ್ತಾ ಸೋತಿದೆ. ಸ್ವಲ್ಪಸ್ವಲ್ಪವೇ, ಯಾರಿಗೂ ಗೊತ್ತಾಗದ ಹಾಗೆ. ಬೀಳೋ ಹೊತ್ತಿಗೆ ಪೂರ್ತಿ ಸಡಿಲ ಆಗಿತ್ತು."

ನನಗೆ ರೇಗಿತು. "ಹಾಗಾದ್ರೆ ತಪ್ಪು ನಿಂದು ಅಂತ ಯಾಕೆ ಒಪ್ಕೊಂಡೆ? ಹೋಗಿ ಹೇಳು ಮೇಸ್ತ್ರಿಗೆ! ಹಿರಿಯಕ್ಕನ ಕೈಯೇ ಕೆಟ್ಟಿತ್ತು, ನೀನು ಸರಿಯಾಗೇ ನೇಯ್ದಿದ್ದೀಯ ಅಂತ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಎಲ್ಲಿ ಸರಿಯಾಗಿ ನೇಯ್ದೆ ಅತ್ತಿಗೆ? ಎದ್ದು ಹೋದಾಗ ಅವರು ಹೇಗಿದ್ರೋ ಹಾಗೆ ಕೂರ್ಬೇಕಿತ್ತು. ನಾನು ನನ್ನ ಚಿಕ್ಕಂದಿನ ಹಿರಿಯಕ್ಕನ ಹಾಗೆ ಕೂತೆ. ಬೇರೆ ಯಾರ ಜಾಗವಾದ್ರೂ ಮೊದಲು ಬೆನ್ನು ಮುಟ್ಟಿ ನೋಡ್ತಿದ್ದೆ. ಅವರದ್ದನ್ನ ಮುಟ್ಟೋಕೆ ಧೈರ್ಯ ಬರಲಿಲ್ಲ. ನನಗೆ ಗೊತ್ತಲ್ಲ ಅಂದ್ಕೊಂಡೆ."

ಅದು ತ್ಯಾಗದ ಮಾತಾಗಿರಲಿಲ್ಲ. ಲೆಕ್ಕ ತಪ್ಪಿದವರು ಲೆಕ್ಕ ತಪ್ಪಿತು ಎನ್ನುವ ಹಾಗೆ ಹೇಳಿದಳು. ಅವಳ ಕಸುಬಿನಲ್ಲಿ ಅದು ತಪ್ಪೇ.

ಮಾರನೆಯ ದಿನ ಮೇಸ್ತ್ರಿಯ ಮುಂದೆ ನಿಂತು ಕೇಳಿದಳು: "ಮೊಳದಷ್ಟೂ ಬಿಚ್ಚೋಣ. ಮತ್ತೆ ನೇಯ್ತೀನಿ. ಮತ್ತೂ ಪಟ್ಟಿ ಬಿದ್ರೆ ನೀವು ಹೇಳಿದ ಹಾಗೇ ಆಗಲಿ."

ಬಿಚ್ಚುವುದೆಂದರೆ ಅವಳ ಜಾಗವೊಂದೇ ಅಲ್ಲ. ಹೊಕ್ಕು ಈ ಕೊನೆಯಿಂದ ಆ ಕೊನೆಗೆ ಹಾದಿರುತ್ತದೆ. ಐದೂ ಜನರ ಕೆಲಸ ಬಿಚ್ಚಬೇಕು. ಮೇಸ್ತ್ರಿ ನಮ್ಮತ್ತ ನೋಡಿದರು. "ಕೇಳಿ ಇವರನ್ನೇ. ಒಪ್ಪಿದ್ರೆ ಬಿಚ್ಚಿ."

ಕಟ್ಟಿದ ಗಂಟನ್ನು ಬಿಚ್ಚುವುದು ನಮಗೆ ತುತ್ತನ್ನು ಬಾಯಿಂದ ತೆಗೆದ ಹಾಗೆ. ಕೊನೆಗೆ ಗುಬ್ಬಿ ಬಾಯಿಬಿಟ್ಟಳು. "ನನ್ನ ಮಗ ಹುಟ್ಟಿದಾಗ ಇವಳು ನೇಯ್ದಳಲ್ಲ, ಅದರಲ್ಲಿ ನಂದೆಷ್ಟು ಇವಳದೆಷ್ಟು ಅಂತ ನಂಗೇ ಇವತ್ತಿನವರೆಗೂ ಗೊತ್ತಿಲ್ಲ. ಮಗ ಈಗ ಮೀಸೆ ಬಿಡ್ತಿದ್ದಾನೆ. ಆ ಕತ್ತರಿ ಕೊಡಿ ಈ ಕಡೆ." ಎಂದವಳೇ ತನ್ನ ಸಾಲಿಗೆ ಕೈ ಹಾಕಿದಳು. ನಾನೂ ಹಾಕಿದೆ. ನಮ್ಮಲ್ಲಿ ಅವಳು ತುಂಬಿಕೊಡದ ಜಾಗ ಯಾರದಿತ್ತು?

ಬಿಚ್ಚಿ ಮುಗಿದ ಸಂಜೆ ಅವಳು ನನ್ನನ್ನು ಕರೆದುಕೊಂಡು ಹಿರಿಯಕ್ಕನ ಮನೆಗೆ ಹೋದಳು. ಗಲ್ಲಿಯ ಕೊನೆಯ ಸಣ್ಣ ಕೋಣೆ. ಮಂಚದ ಮೇಲೆ ಹಿರಿಯಕ್ಕ ಗೋಡೆಗೊರಗಿ ಕೂತಿದ್ದರು. ಕೈಗಳು ಹೊದಿಕೆಯ ಒಳಗಿದ್ದವು.

"ನನ್ನ ಜಾಗದಲ್ಲಿ ನೀನು ಕೂತಿದ್ದೀಯಂತೆ."

"ಹೂಂ."

"ಸರಿಯಾಗಿ ಕೂತಿದ್ದೀಯಾ?"

"ಇಲ್ಲ ಅಕ್ಕ. ಬಿಚ್ಚಿದ್ವಿ."

"ಬಿಚ್ಚಿದ್ರಾ?" ಹಿರಿಯಕ್ಕ ಮುಂದಕ್ಕೆ ಬಾಗಿದರು. "ಯಾಕೆ? ಸಡಿಲ ಆಯ್ತಾ?"

ನಾದಿನಿ ಅವರ ಹೊದಿಕೆಯ ಕಡೆ ನೋಡಿದಳು. "ಬಿಗಿ ಆಯ್ತು."

ಹಿರಿಯಕ್ಕ ಮತ್ತೆ ಗೋಡೆಗೊರಗಿದರು. ಒಲೆಯ ಮೇಲೆ ನೀರು ಕುದಿಯುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ಎದ್ದು ಅದನ್ನು ಇಳಿಸಿ ಬಂದೆ. ಬರುವಷ್ಟರಲ್ಲಿ ಅವರು ಬಲಗೈಯನ್ನು ಹೊದಿಕೆಯಿಂದ ಹೊರಗೆ ಚಾಚಿದ್ದರು. ನಡುಬೆರಳು ಕೋಲಿನ ಹಾಗೆ ನೆಟ್ಟಗಿತ್ತು, ಮಡಿಯುತ್ತಿರಲಿಲ್ಲ.

"ಹಿಡಿದು ನೋಡು" ಎಂದರು. "ನೋಡಕ್ಕೇ ಬಂದಿದ್ದೀಯಲ್ಲ."

ನಾದಿನಿ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಒಂದು ಎಳೆ ಉಣ್ಣೆ ತೆಗೆದು ಅವರ ಬೆರಳ ನಡುವೆ ಇಟ್ಟಳು. ಹಿರಿಯಕ್ಕ ಎಳೆದರು. ಮತ್ತೆ ಇಟ್ಟಳು, ಮತ್ತೆ ಎಳೆದರು. ಅಷ್ಟು ಹೊತ್ತೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ನಾದಿನಿ ಹಲಗೆಯ ಮೇಲೆ ಕೂರುವ ಮೊದಲು ತನ್ನ ನಡುಬೆರಳಿಗೆ ಒಂದು ಬಿದಿರಿನ ಕಡ್ಡಿ ಇಟ್ಟು ಬಟ್ಟೆ ಸುತ್ತಿದಳು. "ಇದೇನೇ, ಏಟಾಯ್ತಾ?" ಎಂದು ಗುಬ್ಬಿ ಕೇಳಿದಳು. "ಸುಮ್ನೆ" ಎಂದಳು. ಗಂಟುಗಳು ಮೆತ್ತಗೆ ಬಂದವು, ಕೆಳಗಿನವುಗಳ ಹಾಗೇ. ಇಷ್ಟೇ ಮಾಡಿದ್ದರೆ ಪಟ್ಟಿ ಬೀಳುತ್ತಿರಲಿಲ್ಲ, ಆದರೆ ಹೂವಿನ ಮೇಲರ್ಧ ಕೊನೆಯವರೆಗೂ ಜೋಲುತ್ತಿತ್ತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಕೆಲವು ದಿನವಾದ ಮೇಲೆ ಬಟ್ಟೆಯ ಒಂದು ಸುತ್ತು ಬಿಚ್ಚಿದಳು. ಇನ್ನು ಕೆಲವು ದಿನಕ್ಕೆ ಇನ್ನೊಂದು ಸುತ್ತು. ಆಮೇಲೆ ಕಡ್ಡಿ ತೆಗೆದು ಬರೀ ಬಟ್ಟೆ ಉಳಿಸಿದಳು. ಬೆರಳು ಎಷ್ಟು ಮಡಿಯುತ್ತಿತ್ತೋ ಗಂಟು ಅಷ್ಟೇ ಬಿಗಿಯಾಗುತ್ತಿತ್ತು. ಬಿದ್ದವರನ್ನು ಕೈಹಿಡಿದು ನಿಧಾನವಾಗಿ ನಡೆಸುವ ಹಾಗೆ, ಹಿರಿಯಕ್ಕನ ಕೈಯನ್ನು ಅದರ ಹಳೆಯ ಬಿಗಿಗೆ ಮರಳಿ ನಡೆಸಿಕೊಂಡು ಬಂದಳು. ಕೊನೆಯ ಅಂಚು ಬರುವಾಗ ಬೆರಳು ಬರಿದಾಗಿತ್ತು. ಅಷ್ಟು ದಿನವೂ ಪಕ್ಕದಲ್ಲಿ ಕೂತಿದ್ದ ನಾನು ಗಂಟು ಹಾಕುವುದನ್ನು ಮರೆತು ಅವಳ ಕೈಯನ್ನೇ ನೋಡಿ, ಕೂಗಜ್ಜನಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ರತ್ನಗಂಬಳಿಯನ್ನು ಮಗ್ಗದಿಂದ ಕತ್ತರಿಸುವ ದಿನ ಎಲ್ಲ ಮಗ್ಗದವರೂ ಬಂದು ನಿಂತರು. ಮೇಸ್ತ್ರಿ ಅದನ್ನು ನೆಲದ ಮೇಲೆ ಬೆನ್ನು ಮೇಲಾಗಿ ಹಾಸಿಸಿದರು. ಕಿಟಕಿಯ ಬಿಸಿಲಿಗೆ ಎಲ್ಲ ಕಡೆಯಿಂದಲೂ ಬಾಗಿ ನೋಡಿದರು. ಗೆರೆ ಕಾಣಲಿಲ್ಲ. ಆದರೂ ಅವರ ಅನುಮಾನ ಹೋಗಲಿಲ್ಲ. ಹಿರಿಯಕ್ಕನನ್ನು ಕರೆಸಿದ್ದರು. ಮಗಳ ಹೆಗಲು ಹಿಡಿದು ಬಂದರು.

"ಹಿರಿಯಕ್ಕ, ನೀವು ಅಂತಿದ್ರಲ್ಲ, ಬಿಡುಗುದುರೆ ಎಲ್ಲಿ ಕೂತಿದ್ರೂ ತೋರಿಸ್ತೀನಿ ಅಂತ. ತೋರ್ಸಿ. ನಿಮಗೆ ಸಿಕ್ಕಿದ್ರೆ ಆ ಕೆಲಸ ಇವತ್ತಿಗೆ ಬಂದ್."

ನಾದಿನಿ ಹಿಂದೆ ನಿಂತಿದ್ದಳು. ಅವಳ ಗಂಡ ಡಿಪೋದಿಂದ ಮಸಿ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಿದ್ದ. ಅವಳ ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ.

ಹಿರಿಯಕ್ಕ ಮೆಲ್ಲಗೆ ಮಂಡಿಯೂರಿದರು. ಕಣ್ಣು ಮುಚ್ಚಿದರು. ಅಂಗೈಯನ್ನು ಬುಡದ ಅಂಚಿನಲ್ಲಿಟ್ಟು ಹೂವಿನ ಮೇಲೆ ತೆವಳಿಸುತ್ತಾ ಬಂದರು. ಒಂದು ಕಡೆ ಕೈ ನಿಂತಿತು. ಮೇಸ್ತ್ರಿ ಮುಂದಕ್ಕೆ ಬಾಗಿದರು. ಕೈ ಮತ್ತೆ ಹೊರಟಿತು. ಮೇಲಿನ ಅಂಚಿನವರೆಗೆ ಹೋಯಿತು, ತಿರುಗಿ ಬಂತು, ಮತ್ತೆ ಹೋಯಿತು. ಮಂಡಿಯ ಮೇಲೆ ಜಾರುತ್ತಾ ಅವರು ಇಡೀ ನಡುಭಾಗವನ್ನು ಮೂರು ಸಲ ಸವರಿದರು. ಕೂಗಜ್ಜ ಕೆಮ್ಮು ಬಂದರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಿಂತಿದ್ದ.

"ಸಿಗ್ಲಿಲ್ಲ" ಎಂದರು ಹಿರಿಯಕ್ಕ.

"ನಿಜವಾಗ್ಲೂ? ನಡುವೆ ಒಂದು ಕಡೆ ನಿಂತ್ರಲ್ಲ?"

ಹಿರಿಯಕ್ಕ ಕಣ್ಣು ತೆರೆದರು. ಬಲಗೈಯನ್ನು ಮುಚ್ಚಿಡದೆ, ನೆಟ್ಟಗಿದ್ದ ಬೆರಳಿನ ಸಮೇತ ತೊಡೆಯ ಮೇಲಿಟ್ಟುಕೊಂಡರು. "ನನ್ನ ಕೈ ಎಲ್ಲಿ ಸೋತಿತ್ತೋ ಅದು ಸಿಕ್ತು ಮೇಸ್ತ್ರಿ. ಅದಕ್ಕೆ ನಿಂತೆ. ನಾನು ಯಾರಿಗೂ ಹೇಳಿರಲಿಲ್ಲ. ಆದ್ರೆ ಇವಳು ಎಲ್ಲಿ ಬಂದು ಕೂತಳೋ ಅದು ಸಿಗ್ಲಿಲ್ಲ. ನನ್ನ ಕೈ ಸೋತಿತು, ಮತ್ತೆ ನನ್ನ ಕೈಯೇ ಎದ್ದು ಬಂತು. ಅಷ್ಟೇ ನನಗೆ ಗೊತ್ತಾಗಿದ್ದು."

ಮೇಸ್ತ್ರಿ ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು. ನಾದಿನಿಯ ಕಡೆ ತಿರುಗಿ, "ಇನ್ನು ನಡುವಿನ ಜಾಗ ನಿಂದೇ ಅಮ್ಮ. ಕಾಯಂ" ಎಂದರು.

ಅವಳು ಬಾಯಿ ತೆರೆಯುವ ಮೊದಲೇ ಹಿರಿಯಕ್ಕ ನೆಲದ ಮೇಲಿಂದಲೇ ಗದರಿದರು. "ನಿಮಗೇನು ತಲೆ ಕೆಟ್ಟಿದೆಯಾ ಮೇಸ್ತ್ರಿ? ನಡುವಿನ ಜಾಗಕ್ಕೆ ಯಾರನ್ನಾದ್ರೂ ಕೂರಿಸಿ, ನಾಲ್ಕು ವರ್ಷ ಕೂತ್ರೆ ತಾನಾಗೇ ಕಲೀತಾರೆ. ಇವಳನ್ನ ಒಂದು ಜಾಗಕ್ಕೆ ಕಟ್ಟಿ ಹಾಳು ಮಾಡ್ಬೇಡಿ. ಇವಳು ಬಿಡುಗುದುರೆ."

ಆ ಮಾತನ್ನು ಅವರು ಹೇಳಿದ ರೀತಿ ಇತ್ತಲ್ಲ, ನಮ್ಮ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಅದನ್ನು ಹಾಗೆ ಹೇಳಿರಲಿಲ್ಲ. ನಾದಿನಿ ಹೋಗಿ ಅವರನ್ನು ಎಬ್ಬಿಸಿದಳು. ಇಬ್ಬರಲ್ಲಿ ಯಾರು ಯಾರನ್ನು ಹಿಡಿದಿದ್ದರೋ ನನಗೆ ತಿಳಿಯಲಿಲ್ಲ. ನನ್ನ ಕಣ್ಣು ಮಂಜಾಗಿತ್ತು. ಇವಳು ನನ್ನ ನಾದಿನಿ ಎಂದು ಎಲ್ಲರಿಗೂ ಕೂಗಿ ಹೇಳಬೇಕೆನ್ನಿಸಿತು, ಎಲ್ಲರಿಗೂ ಗೊತ್ತಿದ್ದರೂ.

"ಹಾಗಾದ್ರೆ ಒಬ್ಬಳು ಸಾಲಲ್ಲ" ಎಂದರು ಮೇಸ್ತ್ರಿ. "ಇಷ್ಟು ಮಗ್ಗ ಇವೆ. ಇನ್ನೊಬ್ಬಳು ಬಿಡುಗುದುರೆ ಬೇಕು. ಯಾರನ್ನ ತಯಾರು ಮಾಡ್ತೀಯ?"

"ಬಂದವರನ್ನ ಮಾಡ್ತೀನಿ. ಆದ್ರೆ ಮೊದಲ ಒಂದು ವರ್ಷ ಬೈಗುಳ ತಿನ್ನೋಕೆ ತಯಾರಿರ್ಬೇಕು" ಎಂದಳು ನಾದಿನಿ. ಅವಳ ಮುಖಕ್ಕೆ ಈಗ ರಕ್ತ ಬಂದಿತ್ತು, ನಗುವೂ ಬಂದಿತ್ತು. "ಕಾಯಂ ಜಾಗ ಬಿಟ್ಟು ಬರೋರು ಯಾರಿದ್ದೀರಿ?"

ಎಲ್ಲರಿಗಿಂತ ಮೊದಲು ಎದ್ದದ್ದು ಗುಬ್ಬಿಯ ಕೈ. ಅದರ ಬೆನ್ನಿಗೇ ಎದ್ದದ್ದು ನನ್ನದು.